ಶ್ರೀಲತಾಳ ಚಳಿಜ್ವರ

ಅಮೆರಿಕದ ನಾರ್‌ಕ್ರಾಸ್‌ನ ಕನ್ನಡದ ಹೆಂಗಸರು ಈಗೀಗ ಡಾಕ್ಟರ ಬಳಿ ಹೋಗುವಾಗ ಗಂಡನನ್ನು ಮನೆಯಲ್ಲೇ ಬಿಟ್ಟು ಶ್ರೀಲತಾಳನ್ನು ಜೊತೆಗೆ ಕರೆದೊಯ್ಯುತ್ತಾರೆ. ಮದ್ದೂರು ಕಡೆಯ ಹುಡುಗಿ, ಓದಿದ್ದೆಲ್ಲ ಕನ್ನಡದಲ್ಲಿ. ತೊಂಬತ್ತನಾಲ್ಕರಲ್ಲಿ ಬಸುರಿಯಾಗಿ ಬಂದಿಳಿದಾಗ ಅಂಗಡಿಯಲ್ಲಿ ಮೊಸರು ಕೇಳಲೂ ನಾಚುತ್ತಿದ್ದಳು. ಪಕ್ಕದ ಮನೆಯವಳೆಂದು ಅವಳ ಬಾಣಂತನಕ್ಕೆ ನಿಂತವಳು ನಾನೇ.

ಮಗು ಹುಟ್ಟಿ ಇನ್ನೂ ತಿಂಗಳು ತುಂಬಿರಲಿಲ್ಲ, ಅದರ ಮೈ ಕೆಂಡವಾಯಿತು. ಆಸ್ಪತ್ರೆಗೆ ಸೇರಿಸಿದೆವು. ಆ ಹಸುಳೆಯ ಬೆನ್ನಿಗೂ ಸೂಜಿ ಚುಚ್ಚಿ ನೋಡಿದರು, ಏನೇನೋ ಔಷಧಿ ಕೊಟ್ಟರು. ಜ್ವರ ಇಳಿಯುವುದು, ಮತ್ತೆ ಏರುವುದು. ಮೈ ಬಿಳಿಚಿಕೊಂಡು ಹಾಲು ಚೀಪಲೂ ಕೂಸಿಗೆ ಶಕ್ತಿಯಿರಲಿಲ್ಲ. ಉಳಿಯುತ್ತದೋ ಇಲ್ಲವೋ ಎಂದು ನನಗೇ ಭಯವಾಯಿತು. ಬಸುರಿಯಾಗಿದ್ದಾಗ ಇವಳಿಗೇನಾದರೂ ಕಾಯಿಲೆ ಬಂದಿತ್ತೇ ಎಂದು ಡಾಕ್ಟರಮ್ಮ ಕೇಳಿದರು. ಅವಳ ಗಂಡ ಪ್ರತಾಪ್, ಕಂಪ್ಯೂಟರಿಗೇ ಬುದ್ಧಿ ಹೇಳುವ ಮಹಾಶಯ, "ಕೋಲ್ಡ್ ಅಂಡ್ ಫೀವರ್" ಎಂದುಬಿಟ್ಟ. ಡಾಕ್ಟರಮ್ಮ ತಲೆಯಾಡಿಸಿ ಹೊರಟರು.

ಶ್ರೀಲತಾ ನನ್ನ ತೋಳು ಜಗ್ಗಿದಳು.

"ಕಾತ್ಯಾಯಿನಿ ಆಂಟಿ, ಕೋಲ್ಡ್ ಅಂದ್ರೆ ನೆಗಡಿ ಅಲ್ವಾ? ನಂಗೆಲ್ಲಿತ್ತು ನೆಗಡಿ? ಅಮ್ಮನ ಮನೇಲಿ ಬಂದಿದ್ದು ಚಳಿಜ್ವರ. ಎಷ್ಟು ಕಂಬಳಿ ಹೊದ್ರೂ ಹಲ್ಲು ಕಟಕಟ ಅಂತಿತ್ತು."

"ಅಯ್ಯೋ ಪುಣ್ಯಾತ್ಗಿತ್ತಿ, ಅದು ಮಲೇರಿಯಾ ಕಣೇ!"

ನನ್ನ ಕೂಗಿಗೆ ಡಾಕ್ಟರಮ್ಮ ಬಾಗಿಲಲ್ಲೇ ತಿರುಗಿದರು. ಆ ಪದಕ್ಕೆ ತರ್ಜುಮೆ ಬೇಕಿರಲಿಲ್ಲ. ಇಲ್ಲಿ ಯಾರಿಗೂ ಬಾರದ ಕಾಯಿಲೆ, ಪಾಪ, ಅವರಿಗೆ ಹೊಳೆದಿರಲಿಲ್ಲ. ಪರೀಕ್ಷೆ ಮಾಡಿಸಿದರು. ಮಗುವಿನ ರಕ್ತದಲ್ಲೂ ಮಲೇರಿಯಾ, ತಾಯಿಯ ರಕ್ತದಲ್ಲೂ ಮಲೇರಿಯಾ. ಸರಿಯಾದ ಔಷಧಿ ಬಿದ್ದ ಮೇಲೆ ಜ್ವರ ಬಿಟ್ಟಿತು. ಮಗು ಗಟ್ಟಿಯಾಗಿ ಅತ್ತಾಗ ನಾನೂ ಅತ್ತುಬಿಟ್ಟೆ.

"ಈ ಊರಲ್ಲಿ ಮಲೇರಿಯಾನೇ ಇಲ್ವಂತೆ. ಮಗೂಗೆ ಎಲ್ಲಿಂದ ಬಂತು, ಕೇಳಿ ರೀ," ಎಂದಳು ಶ್ರೀಲತಾ.

ಪ್ರತಾಪ್ ಕೇಳಿದ. ತಾಯಿಯ ರಕ್ತದಿಂದಲೇ ಮಗುವಿಗೆ ದಾಟಿದೆ, ಇದರಲ್ಲಿ ಯಾರ ತಪ್ಪೂ ಇಲ್ಲ ಎಂದು ಡಾಕ್ಟರಮ್ಮ ಇಂಗ್ಲಿಷಿನಲ್ಲಿ, ನಡುನಡುವೆ 'ಮದರ್' ಎನ್ನುತ್ತಾ, ವಿವರಿಸಿದರು. ಪ್ರತಾಪ್ ಹೆಂಡತಿಯ ಮುಖ ನೋಡಿದ.

"ಸೊಳ್ಳೆ ಕಚ್ಚಿರ್ಬೇಕಂತೆ ಕಣೇ. ವಿಮಾನದಲ್ಲಿ ಬಂದಿರತ್ತಂತೆ."

ಎಂಥ ಮುದ್ದಾದ ಸುಳ್ಳು! ನನಗೆ ಅವನ ಮೇಲಿದ್ದ ಸಿಟ್ಟೆಲ್ಲ ಇಳಿದುಹೋಯಿತು.

"ಮದರ್ ಅಂದ್ರೆ ಏನೂಂತ ನಂಗೂ ಗೊತ್ತು ರೀ," ಎಂದಳು ಶ್ರೀಲತಾ. ಕಣ್ಣು ತುಂಬಿತ್ತು. ಅವನನ್ನೂ ಕೇಳಲಿಲ್ಲ, ನನ್ನನ್ನೂ ಕೇಳಲಿಲ್ಲ. ತನ್ನ ಎದೆ ಮುಟ್ಟಿಕೊಂಡು ನೇರವಾಗಿ ಡಾಕ್ಟರಮ್ಮನನ್ನೇ ಕೇಳಿದಳು.

"ಮೈ ಮಿಲ್ಕ್... ಓಕೆ?"

"ಓಕೆ," ಎಂದರು ಆಕೆ, ಮಗುವನ್ನು ಎತ್ತಿ ಅವಳ ಕೈಗೆ ಕೊಡುತ್ತಾ.