ಅಂಟು ಹಿಡಿಯುವ ತನಕ

ಬಚ್ಚಲುಮನೆಯ ಹಳೆಯ ಕಬ್ಬಿಣದ ಪೈಪುಗಳನ್ನು ಈ ವಾರ ಕೊನೆಗೂ ಕೀಳಿಸುತ್ತಿದ್ದೇನೆ. ಕೆಲಸದವರು ಪ್ಲಾಸ್ಟಿಕ್ ಪೈಪು ಅಂಟಿಸುವ ಸೊಲ್ಯೂಷನ್ ಡಬ್ಬದ ಮುಚ್ಚಳ ತೆಗೆದರು. ಆ ಘಾಟು ಮೂಗಿಗೆ ಬಡಿದದ್ದೇ, ಚಾಮರಾಜಪೇಟೆಯ ಈ ಮನೆಗೆ ಎರಡು ವರ್ಷ ಬಂದುಹೋಗುತ್ತಿದ್ದ ಪ್ಲಂಬರ್ ನೆನಪಾದರು.

ಬಿನ್ನಿಪೇಟೆಯವರು. ಅರವತ್ತು ದಾಟಿತ್ತು. ಅಮ್ಮ ಪಾರ್ಶ್ವವಾಯು ಹೊಡೆದು ಹಾಸಿಗೆ ಹಿಡಿದಿದ್ದ ಕಾಲ ಅದು. ದಿನಕ್ಕೆ ಮೂರು ಸಲ ಮೈ ಒರೆಸಬೇಕು, ಬಟ್ಟೆ ಒಗೆಯಬೇಕು. ಆಫೀಸಿಗೆ ರಜೆ ಹಾಕಿ ಹಾಕಿ ನಾನು ಸೋತಿದ್ದೆ. ಮೊದಲ ಸಲ ಪೈಪು ತೂತಾದಾಗ ಅವರು ಗೋಡೆ ತಟ್ಟಿ ನೋಡಿದರು.

"ಒಳಗೆಲ್ಲಾ ತುಕ್ಕು ತಿಂದ್ಬಿಟ್ಟಿದೆ ಅಮ್ಮ. ಪೂರ್ತಿ ಲೈನ್ ಬದಲಾಯಿಸ್ಬೇಕು. ನಾಲ್ಕು ದಿನ ಆಗುತ್ತೆ."

"ನಾಲ್ಕು ದಿನ ನೀರಿಲ್ದೆ ಅಮ್ಮನ್ನ ಹೇಗೆ ನೋಡ್ಕೊಳ್ಳಲಿ?"

ಅವರು ಒಳಕೋಣೆಯ ಕಡೆ ನೋಡಿದರು. ಕೆಟ್ಟಿದ್ದಷ್ಟನ್ನು ಕೊಯ್ದು, ಉಳಿದ ಕಬ್ಬಿಣದ ತುದಿಗೆ ನೀರು ಸೋರದಂತೆ ದಾರ ಸುತ್ತಿ, ಒಂದು ಮೊಳ ಪ್ಲಾಸ್ಟಿಕ್ ಪೈಪು ಸೇರಿಸಿದರು. ಆಮೇಲೆ ತೂತು ಬಿದ್ದಲ್ಲೆಲ್ಲ ಹಾಗೆಯೇ... ಇಲ್ಲೊಂದು ಮೊಳ, ಅಲ್ಲೊಂದು ಗೇಣು. ಬಿಗಿ ಮಾಡುವಾಗ ಉಸಿರು ಹಿಡಿಯುತ್ತಿದ್ದರು. ಜೋರಾಗಿ ತಿರುಗಿಸಿದರೆ ಹಳೆಯ ಪೈಪು ಗೋಡೆಯೊಳಗೇ ಮುರಿದೀತೆಂಬ ಭಯ. ಅಂದೇ ಹೇಳಿದ್ದೆನಲ್ಲ ಎಂದು ಒಮ್ಮೆಯೂ ಆಡಿ ತೋರಿಸಲಿಲ್ಲ.

ಅಮ್ಮ ಹೋದ ಬೆಳಿಗ್ಗೆಯೇ ಪೈಪು ಮತ್ತೆ ಒಡೆಯಿತು. ಮನೆ ತುಂಬ ನೆಂಟರು, ಅಮ್ಮನಿಗೆ ಸ್ನಾನ ಮಾಡಿಸಲು ನೀರಿಲ್ಲ. ಪ್ಲಂಬರಿಗೆ ಫೋನ್ ಮಾಡಿದೆ. ಅರ್ಧ ಗಂಟೆಯಲ್ಲಿ ಬಂದು ಜೋಡಿಸಿದರು. ನನ್ನ ಸೋದರಮಾವ ಅವಸರಪಡಿಸಿದರು: "ನೀರು ಬಿಡ್ರೀ, ಹೊತ್ತಾಗ್ತಿದೆ."

"ಅಂಟು ಹಿಡಿಯೋ ತನಕ ತಡ್ಕೊಳ್ಳಿ ಸಾರ್. ಈಗ ಬಿಟ್ರೆ ಕಿತ್ಕೊಂಡು ಹೋಗುತ್ತೆ."

ಮಾವ ಗೊಣಗಿದರು. ಪ್ಲಂಬರ್ ಎರಡು ಬಕೆಟ್ ಎತ್ತಿಕೊಂಡು ಕೆಳಗಿನ ಮನೆಯ ನಲ್ಲಿಯಿಂದ ನೀರು ಹೊತ್ತು ತಂದರು. ಇಪ್ಪತ್ತು ಮೆಟ್ಟಿಲು. ಎಷ್ಟು ಸಲ ಹತ್ತಿದರೋ... ನಡುವೆ ಒಮ್ಮೆ ಗೋಡೆ ಹಿಡಿದು, ಎದೆ ನೀವಿಕೊಂಡು ನಿಂತದ್ದನ್ನು ಕಂಡೆ. ಕೂತುಕೊಳ್ಳಿ ಎನ್ನುವಷ್ಟು ತ್ರಾಣವೂ ನನ್ನಲ್ಲಿರಲಿಲ್ಲ. ಅಮ್ಮನ ಕೊನೆಯ ಸ್ನಾನ ಅವರು ಹೊತ್ತ ನೀರಿನಲ್ಲೇ ಆಯಿತು.

ಹದಿಮೂರನೆಯ ದಿನದ ಊಟಕ್ಕೆ ಬೀದಿಯವರನ್ನೆಲ್ಲ ಕರೆದೆ. ಪ್ಲಂಬರನ್ನು ಕರೆಯಲು ಮರೆತೆ. ನೆನಪಾದದ್ದು ಎಷ್ಟೋ ತಿಂಗಳ ಮೇಲೆ, ಅಡುಗೆಮನೆಯ ನಲ್ಲಿ ಸೋರತೊಡಗಿದಾಗ. ಫೋನ್ ಎತ್ತಿದವರು ಅವರ ಹೆಂಡತಿ.

"ಅವ್ರು ತೀರ್ಕೊಂಡ್ರು ಅಮ್ಮ. ಹಾರ್ಟ್ ಅಟ್ಯಾಕು..." ಆಮೇಲೆ, "ನಿಮ್ಮ ತಾಯಿ ಕಾರ್ಯಕ್ಕೆ ಕರೀತಾರೆ ಅಂತ ಬಿಳೀ ಪಂಚೆ ಒಗೆಸಿ ಇಟ್ಕೊಂಡಿದ್ರು" ಎಂದರು. ದೂರುವ ದನಿಯಲ್ಲ. ಸುಮ್ಮನೆ ಹೇಳಿದರು, ಅಷ್ಟೆ.

ಇವತ್ತು ಮಧ್ಯಾಹ್ನ ಕೆಲಸದವರನ್ನು ಕೂರಿಸಿ ಅನ್ನ, ಸಾರು ಬಡಿಸಿದೆ. "ನಿಮಗ್ಯಾಕೆ ಮೇಡಂ ತೊಂದ್ರೆ" ಎಂದರು. ಬಗ್ಗಿ ಬಡಿಸುವಾಗ ನಡು ನೋಯುತ್ತಿತ್ತು. ಇನ್ನೊಂದು ಸೌಟು ಹಾಕಿದೆ. ಯಾರಿಗೆ ಬಡಿಸಬೇಕಿತ್ತೋ ಅವರಿಗೆ ಬಡಿಸಲಿಲ್ಲ. ಇನ್ನು ಅದು ಆಗುವುದೂ ಇಲ್ಲ.