ಗೀಟು ಬೀಳದ ಸಹಿ

ಹೋದ ವಾರ ಕುರಿ ವಿಮೆಯವರಿಂದ ಫೋನು ಬಂತು. ನನ್ನ ಬಳಿ ಕುರಿಗಳಿಲ್ಲ. ಚನ್ನಗಿರಿಯ ಬಾಡಿಗೆ ಮನೆಯಲ್ಲಿ ಇರುವುದು ನಾನು, ನನ್ನ ಗಂಡ, ಕುಂಡದಲ್ಲೊಂದು ದೊಡ್ಡಪತ್ರೆ ಗಿಡ. ರಾಂಗ್ ನಂಬರು ಎಂದು ಇಡುವಷ್ಟರಲ್ಲಿ ಆ ಕಡೆಯ ಹೆಣ್ಣುದನಿ, "ಕುರಿ ಈಗ ರೊಪ್ಪದಾಗೆ ಅದಾವೋ, ಮೇಯಾಕೆ ಹೋಗ್ಯಾವೋ?" ಎಂದಿತು. ಅದು ಮನುಷ್ಯರ ದನಿಯಲ್ಲ, ಯಂತ್ರದ್ದು. ನನಗೆ ಮೈಯೆಲ್ಲ ಉರಿದುಹೋಯಿತು.

ಇಷ್ಟು ಚೆನ್ನಾಗಿ ಮಾತಾಡುವ ಯಂತ್ರದ ಮೇಲೆ ಸಿಟ್ಟೇಕೆ ಎಂದು ನೀವು ಕೇಳಬಹುದು. ಯಂತ್ರಗಳಿಗೆ ಇಂಥ ಮಾತು ಕಲಿಸಿದವಳೊಬ್ಬಳು ನನ್ನ ಪಕ್ಕದ ಕುರ್ಚಿಯಲ್ಲೇ ಕೂರುತ್ತಿದ್ದಳು.

ಆಗ ನಾವು ಜಗಳೂರಿನಲ್ಲಿದ್ದೆವು. ಬೀಜದಂಗಡಿಯ ಮಹಡಿಯ ಮೇಲೆ ಬೆಂಗಳೂರಿನ ಕಂಪನಿಯೊಂದು ಕಂಪ್ಯೂಟರ್ ಸೆಂಟರ್ ತೆರೆದಿತ್ತು. ಹನ್ನೊಂದು ಹೆಂಗಸರು ಹೆಡ್‌ಫೋನ್ ಹಾಕಿಕೊಂಡು ಜನರ ಮಾತಿನ ರೆಕಾರ್ಡಿಂಗ್ ಕೇಳಬೇಕು, ಯಂತ್ರ ತಪ್ಪಾಗಿ ಬರೆದದ್ದನ್ನು ತಿದ್ದಬೇಕು. ಅಷ್ಟೇ ಕೆಲಸ. ಕೊರಳಿಗೆ ನೀಲಿ ಪಟ್ಟಿಯ ಗುರುತಿನ ಚೀಟಿ ಕೊಟ್ಟಿದ್ದರು. ತರಕಾರಿ ತರಲು ಹೋಗುವಾಗಲೂ ನಾನದನ್ನು ತೆಗೆಯುತ್ತಿರಲಿಲ್ಲ. ಸೊಪ್ಪಿನವಳು ಕೇಳಿದರೆ, "ಐಟಿಯಲ್ಲಿದ್ದೀನಿ" ಎನ್ನುತ್ತಿದ್ದೆ. ನೇಮಕದ ಪತ್ರ ಮಾತ್ರ ಯಾರಿಗೂ ಕೊಟ್ಟಿರಲಿಲ್ಲ.

ಪಕ್ಕದ ಕುರ್ಚಿಯ ಕರಿಯಮ್ಮ ಬಿಳಿಚೋಡಿನವಳು. ಕುರಿ ಸಾಕುವವರ ಮನೆಯಲ್ಲಿ ಹುಟ್ಟಿ, ಬಿಸಿಎ ಮುಗಿಸಿ, ದಿನಾ ಬಸ್ಸಿನಲ್ಲಿ ಬರುತ್ತಿದ್ದಳು. ಕುರಿದೊಡ್ಡಿಗೆ ಹೇಳುವ "ಕುರಿ ರೊಪ್ಪ" ಎಂಬುದನ್ನು ಯಂತ್ರ "ಕುರಿ ರೊಕ್ಕ" ಎಂದು ಬರೆದ ದಿನ ಅವಳು ನಕ್ಕೂ ನಕ್ಕೂ ಕೆಮ್ಮಿದಳು. ಮಾರನೆಯ ದಿನದಿಂದ ಒಂದು ನೋಟ್‌ಬುಕ್ ತಂದು ಅಜ್ಜಿಯ ಬಾಯಲ್ಲಿ ಕೇಳಿದ ಮಾತುಗಳನ್ನೆಲ್ಲ ಬರೆಯತೊಡಗಿದಳು: ಕುರಿಯ ಬಣ್ಣಗಳು, ರೋಗಗಳು, ಮಳೆಯ ಬಗೆಗಳು. ಯಾರೂ ಕೇಳಿರಲಿಲ್ಲ, ಕೆಲಸದ ಮೇಲಿನ ಪ್ರೀತಿಗೆ ಬರೆದಳು. ನಮ್ಮ ಸೂಪರ್‌ವೈಸರ್ ಅದನ್ನು ತೆಗೆದುಕೊಂಡು ಬೆಂಗಳೂರಿಗೆ ಕಳಿಸಿದ. ಅವಳಿಗೆ ಚಪ್ಪಾಳೆ ಹೊಡೆಸಿದ. ನಾನೂ ಹೊಡೆದೆ.

ಆಮೇಲೆ ಯಂತ್ರದ ತಪ್ಪುಗಳು ಕಡಿಮೆಯಾದವು. ತಪ್ಪು ಕಡಿಮೆಯಾದಂತೆ ನಮ್ಮ ಕೆಲಸವೂ ಕಡಿಮೆಯಾಯಿತು. ಕೆಲವು ದಿನ ಅರ್ಧಕ್ಕೇ ಮನೆಗೆ ಕಳಿಸುತ್ತಿದ್ದರು. ಕರಿಯಮ್ಮ ಎಲ್ಲರನ್ನೂ ಸೇರಿಸಿ ಹೇಳಿದಳು: "ನೇಮಕದ ಪತ್ರ ಕೊಡ್ರಿ, ತೆಗೆಯೋದಾದ್ರೆ ಮುಂಚೆ ತಿಳಿಸ್ರಿ ಅಂತ ಬರೆಯಾನ. ಇಷ್ಟು ಕೇಳಾಕೂ ಹೆದರಬೇಕಾ?" ಹನ್ನೊಂದು ಜನರೂ ಸಹಿ ಹಾಕಿದೆವು. ಒಟ್ಟಿಗೇ ಹೋಗಿ ಕೊಟ್ಟೆವು.

ಸೂಪರ್‌ವೈಸರ್ ಸಿಟ್ಟಾಗಲಿಲ್ಲ. ಎಲ್ಲರಿಗೂ ಟೀ ತರಿಸಿದ. ಸಂಜೆ ಒಬ್ಬೊಬ್ಬರನ್ನೇ ಕೋಣೆಗೆ ಕರೆದ. ನಾನು ಹೋದಾಗ ಮೇಜಿನ ಮೇಲೆ ಆ ಪತ್ರವಿತ್ತು, ಅದರ ಮೇಲೆ ಒಂದು ಪೆನ್ನಿತ್ತು.

"ನೀವು ದೊಡ್ಡೋರು ಮೇಡಂ, ಯಾರೋ ಹೇಳಿದ್ರು ಅಂತ ಸಹಿ ಹಾಕಿರಬೇಕು. ಬ್ಯಾಡ ಅನ್ಸಿದ್ರೆ ಹೊಡೆದಾಕಿ ಬಿಡ್ರಿ."

ನನ್ನ ಸಹಿಯ ಮೇಲೆ ನಾನೇ ಗೀಟೆಳೆದೆ. ಆಗಲೇ ನಾಲ್ಕು ಸಹಿಗಳ ಮೇಲೆ ಗೀಟು ಬಿದ್ದಿತ್ತು ಎಂಬುದು ನನ್ನ ಸಮಾಧಾನ.

ಮಾರನೆಯ ಬೆಳಿಗ್ಗೆ ಕರಿಯಮ್ಮನ ಪಾಸ್‌ವರ್ಡನ್ನು ಕಂಪ್ಯೂಟರ್ ಒಪ್ಪಲಿಲ್ಲ. ಮೂರು ಸಲ ಒತ್ತಿದಳು. ತಿರುಗಿ ನಮ್ಮನ್ನೆಲ್ಲ ನೋಡಿದಳು. ಹತ್ತು ಜನರೂ ಪರದೆಯ ಕಡೆ ಮುಖ ಮಾಡಿ ಟೈಪು ಮಾಡುತ್ತಿದ್ದೆವು. ಅವಳು ಎದ್ದು ಹೋಗಿ ತನ್ನ ನೋಟ್‌ಬುಕ್ ಕೇಳಿದಳು.

"ಅದು ಕಂಪನೀದು" ಎಂದ ಸೂಪರ್‌ವೈಸರ್.

"ನಮ್ಮಜ್ಜಿ ಮಾತು ರೀ ಅವು. ಕಂಪನೀದು ಹೆಂಗಾಗ್ತಾವೆ?"

ಅವನು ತನ್ನ ಫೋನು ನೋಡತೊಡಗಿದ. ಉತ್ತರ ಕೊಡಬೇಕಾದ ಅಗತ್ಯವೇ ಅವನಿಗಿರಲಿಲ್ಲ. ನನ್ನ ಸಿಟ್ಟಿನ ಬೇರು ಇರುವುದು ಅಲ್ಲೇ. ಅಷ್ಟು ಧೈರ್ಯವನ್ನು ಅವನಿಗೆ ಕೊಟ್ಟದ್ದು ಕರಿಯಮ್ಮನೊಬ್ಬಳನ್ನು ಬಿಟ್ಟು ನಾವೆಲ್ಲ ಎಳೆದ ಹತ್ತು ಗೀಟು. ಅದರಿಂದ ನಮಗೆ ಸಿಕ್ಕಿದ್ದು ಇನ್ನು ಮೂರು ತಿಂಗಳ ಕೆಲಸ. ಆಮೇಲೊಂದು ದಿನ ವಾಟ್ಸಾಪ್ ಗುಂಪಿಗೆ ಮೆಸೇಜು ಬಂತು, ನಾಳೆಯಿಂದ ಬರಬೇಕಾಗಿಲ್ಲ ಎಂದು. ಕೊನೆಯಲ್ಲಿ ಕೈಮುಗಿದ ಚಿತ್ರ ಬೇರೆ.

ವಿಮೆಯ ಫೋನು ಬಂದ ದಿನ ನಾನು ಹಳೆಯ ನಂಬರು ಹುಡುಕಿ ಕರಿಯಮ್ಮನನ್ನು ಮಾತಾಡಿಸಿದೆ. ಅವಳೀಗ ನ್ಯಾಮತಿಯಲ್ಲಿ ಜೆರಾಕ್ಸ್ ಅಂಗಡಿ ನೋಡಿಕೊಳ್ಳುತ್ತಾಳೆ. ಗೀಟಿನ ವಿಷಯ ತೊದಲುತ್ತಾ ಹೇಳಿ, "ಬೇಜಾರಾಯ್ತೇನಮ್ಮ?" ಎಂದೆ, ದಡ್ಡಿಯ ಹಾಗೆ.

"ಬೇಜಾರಿಲ್ಲ ಅನ್ನಾಕೆ ಬರಲ್ಲ ಅಕ್ಕ. ಐತೆ" ಎಂದಳು. ಆಮೇಲೆ, "ಹೊನ್ನಾಳಿಯಾಗೆ ಅಂಥದೇ ಇನ್ನೊಂದು ಸೆಂಟರ್ ತೆಗ್ದಾರೆ. ಅಲ್ಲಿ ಹುಡುಗೀರು ಪತ್ರ ಬರೆಯಾಕೆ ಕುಂತಾರೆ. ಭಾನುವಾರ ನಾ ಹೋಗ್ತೀನಿ. ನೀವೂ ಬರ್ರಿ" ಎಂದಳು.

ಇವತ್ತು ಹೋಗಿಬಂದೆ. ಹೊನ್ನಾಳಿಯ ಶಾಲೆಯೊಂದರ ಜಗಲಿಯ ಮೇಲೆ ಏಳೆಂಟು ಹುಡುಗಿಯರು ಕೂತಿದ್ದರು. ಪತ್ರ ಹೇಗೆ ಬರೆಯಬೇಕೆಂದು ಕರಿಯಮ್ಮ ಹೇಳಿಕೊಟ್ಟಳು. ಆಮೇಲೆ ನನ್ನ ಕಡೆ ತಿರುಗಿದಳು. ಬಸ್ಸಿನಲ್ಲಿ ಬರುವಾಗ ಹೊಂದಿಸಿಕೊಂಡಿದ್ದ ಭಾಷಣವೆಲ್ಲ ಬಾಯಿಗೆ ಬರಲಿಲ್ಲ.

"ಒಬ್ಬೊಬ್ಬರನ್ನೇ ಒಳಗೆ ಕರೀತಾರೆ, ಹೋಗಬೇಡ್ರಿ" ಎಂದೆ. "ನಾನು ಹೋಗಿದ್ದೆ."