ಮಾವನ ಹೆಸರಿನ ಹುಡುಗ

ಇವತ್ತು ಬೆಳಿಗ್ಗೆ ಕಿಟಕಿ ತೆರೆದ ಕೂಡಲೇ ಸುಣ್ಣದ ವಾಸನೆ ಒಳಗೆ ಬಂತು. ಜಮಖಂಡಿಯ ನಮ್ಮ ಮನೆಯ ಎದುರಿಗೇ ಹೈಸ್ಕೂಲಿನ ಮೈದಾನ. ತಾಲೂಕಿನ ಆಟಗಳು ಹತ್ತಿರ ಬಂದವೆಂದರೆ ಅಲ್ಲಿ ಗೂಟ ಹೊಡೆದು, ಹಗ್ಗ ಬಿಗಿದು, ಕರಿ ಮಣ್ಣಿನ ಮೇಲೆ ಬಿಳಿ ಗೆರೆ ಎಳೆಯುತ್ತಾರೆ. ಸುಣ್ಣ ಎಂದರೆ ನಿಮಗೆ ಹೊಸದಾಗಿ ಬಳಿದ ಗೋಡೆ ನೆನಪಾಗಬಹುದು, ಎಲೆ ಅಡಿಕೆ ನೆನಪಾಗಬಹುದು. ನನಗೆ ನೆನಪಾಗುವುದು ಕಸ್ತೂರಿ. ನಮ್ಮ ಮಾಳಿಗೆಯ ಕೋಣೆಯಲ್ಲಿ ಬಾಡಿಗೆಗಿದ್ದು ಬಿ.ಪಿ.ಎಡ್. ಓದಿದ ಹುಡುಗಿ. ಗ್ರೌಂಡ್ ಮಾರ್ಕಿಂಗ್ ಇದ್ದ ದಿನ ಮೊಣಕೈತನಕ ಸುಣ್ಣ ಮಾಡಿಕೊಂಡು ಬಂದು, ನನ್ನ ಕೆಂಪು ಫರಸಿಯ ಮೇಲೆ ಬಿಳಿ ಹೆಜ್ಜೆ ಇಡುತ್ತ, "ಒರಸ್ತೇನ್ರಿ ಆಂಟಿ, ಒರಸ್ತೇನಿ" ಎನ್ನುತ್ತಲೇ ಮೆಟ್ಟಿಲು ಹತ್ತಿ ಮಾಯವಾಗುತ್ತಿದ್ದಳು. ಫ್ರ್ಯಾಂಕ್ಲಿ, ಒಮ್ಮೆಯೂ ಒರೆಸಿದ್ದಿಲ್ಲ.

ಅವಳ ತವರು ಬನಹಟ್ಟಿ. ಮನೆ ತುಂಬ ಪವರ್‌ಲೂಮು. ಮಗ್ಗದ ಸದ್ದಿನ ಮೇಲೆ ಮಾತಾಡಿ ಬೆಳೆದವರ ದನಿಯೇ ಬೇರೆ. ಉಪ್ಪು ಕೇಳಿದರೂ ಓಣಿಗೆ ಕೇಳುತ್ತದೆ. ಮದುವೆಯಾದದ್ದು ರನ್ನ ಬೆಳಗಲಿಯಿಂದ ಒಳಗೆ ಇರುವ ಒಂದು ಹಳ್ಳಿಗೆ, ಕಬ್ಬು ಬೆಳೆಯುವ ಮನೆತನಕ್ಕೆ. ಶಾಲೆಯಲ್ಲಿ ಖೋ ಖೋ ಆಡಿದವಳು, ಆಟದ ಟೀಚರಾಗಬೇಕೆಂಬ ಆಸೆಯನ್ನು ಸೀರೆಗಳ ಜೊತೆಗೇ ಮಡಚಿಕೊಂಡು ಹೋಗಿದ್ದಳು. ಗಂಡ ಒಳ್ಳೆಯವನು, ಓದು ಎಂದ. ಶನಿವಾರ ಮಧ್ಯಾಹ್ನ ಟ್ರ್ಯಾಕ್ ಸೂಟಿನ ಹುಡುಗಿಯೊಬ್ಬಳು ನಮ್ಮ ಮೆಟ್ಟಿಲು ಹತ್ತುತ್ತಿದ್ದಳು. ಸ್ವಲ್ಪ ಹೊತ್ತಿಗೆ ತಲೆಯ ಮೇಲೆ ಸೆರಗು ಹೊತ್ತ ಸೊಸೆಯೊಬ್ಬಳು ಇಳಿದು ಬಸ್ಸಿಗೆ ಹೋಗುತ್ತಿದ್ದಳು. ದನಿ ಕೂಡ ಮೆಟ್ಟಿಲ ಮೇಲೆಯೇ ಬದಲಾಗುತ್ತಿತ್ತು.

ಅವಳ ಅತ್ತೆಯನ್ನು ನಾನು ಮೊದಲು ನೋಡಿದ್ದು ಕೋಣೆ ನೋಡಲು ಬಂದಾಗ. ಒಣಗಿದ ಮೈ, ಚೂಪು ಕಣ್ಣು, ಕೈಯಲ್ಲಿ ರೊಟ್ಟಿಯ ಗಂಟು. ನೀರಿನ ನಲ್ಲಿ ತಿರುವಿ ನೋಡಿದರು, ಬಾಗಿಲ ಚಿಲಕ ಎಳೆದು ನೋಡಿದರು, ಆಮೇಲೆ ನನ್ನನ್ನು ನೋಡಿದರು.

"ಆಟ ಆಡಾಕ ಎರಡ ವರ್ಸ ಓದಬೇಕೇನ್ರಿ ಬಾಯಾರ? ನಮ್ಮೂರಾಗ ಹುಡುಗ್ರು ಹುಟ್ಟಿದಾಗಿಂದ ಪುಕ್ಕಟ ಆಡ್ತಾವ."

"ಆಡಿಸಾಕ ಓದಬೇಕ್ರಿ ಅತ್ತಿ" ಎಂದಳು ಕಸ್ತೂರಿ, ಸೆರಗಿನ ಒಳಗಿಂದ.

"ಒಂದ ಸಲ ನೋಡ್ತೇನಿ. ಪಾಸಾದಿ, ಮಾಸ್ತರ್‌ಬಾಯಿ. ನಪಾಸಾದಿ, ಮನ್ಯಾಗ ಎಮ್ಮಿ ಅದಾವು."

ಇದು ಬೆದರಿಕೆಯಾಗಿರಲಿಲ್ಲ. ಆಕೆಯ ಲೆಕ್ಕದಲ್ಲಿ ಎರಡೂ ಮರ್ಯಾದೆಯ ಕೆಲಸಗಳೇ. ಆದರೆ ಕಸ್ತೂರಿಗೆ ಎರಡನೆಯ ಅವಕಾಶ ಇಲ್ಲವೆಂಬುದು ಆ ದಿನವೇ ತೀರ್ಮಾನವಾಯಿತು.

ಪಾಠ ಹೇಳುವ ಅಭ್ಯಾಸಕ್ಕೆ ಕ್ಲಾಸು ಬೇಕಲ್ಲ? ಮಾಳಿಗೆಯ ಮೇಲೆ ಸಂಜೆ ಹೊತ್ತು ಇಡೀ ಕ್ಲಾಸು ನಾನೊಬ್ಬಳೇ. ಮೊಣಕಾಲು ನೋವಿನ ಮುದುಕಿ, ಪಕ್ಕದಲ್ಲಿ ಒಣ ಹಾಕಿದ ಸಂಡಿಗೆ. "ಸಾವಧಾನ್!" ಎಂದರೆ ನೆಟ್ಟಗೆ ನಿಲ್ಲುತ್ತಿದ್ದೆ, "ವಿಶ್ರಾಮ್!" ಎಂದರೆ ಆಫ್ ಕೋರ್ಸ್ ಕುರ್ಚಿಯ ಮೇಲೆ ಕೂತುಬಿಡುತ್ತಿದ್ದೆ.

"ಆಂಟಿ, ವಿಶ್ರಾಮ್ ಅಂದ್ರ ಕಾಲ ಅಗಲ ಮಾಡೂದ್ರಿ, ಕುಂದ್ರೂದಲ್ಲ."

"ನನ್ನ ವಯಸ್ಸಿನಾಗ ಕುಂದ್ರೂದ ವಿಶ್ರಾಮ್. ನೆಕ್ಸ್ಟ್?"

ನಮ್ಮ ಕಾನ್ವೆಂಟಿನಲ್ಲಿಯೂ ಡ್ರಿಲ್ ಇತ್ತು. ಅಗಲ ನೆರಿಗೆಯ ಸ್ಕರ್ಟು, ಬಿಳಿ ಕ್ಯಾನ್ವಾಸ್ ಶೂ; ಸಿಸ್ಟರ್ ಒಬ್ಬರು ಪಿಯಾನೋ ನುಡಿಸಿದರೆ ಅದರ ತಾಳಕ್ಕೆ ನಾವು ಕೈ ಎತ್ತಿ ಇಳಿಸುತ್ತಿದ್ದೆವು. ಯಾರೂ ಕೂಗುತ್ತಿರಲಿಲ್ಲ. ಸಭ್ಯ ಹೆಣ್ಣುಮಗಳ ದನಿ ಪಕ್ಕದ ಕೋಣೆಗೆ ಕೇಳಬಾರದು ಎಂದು ಸಿಸ್ಟರ್ ಹೇಳಿದ್ದನ್ನು ನಾನು ಇಷ್ಟು ವರ್ಷ ಶ್ರದ್ಧೆಯಿಂದ ಪಾಲಿಸಿದ್ದೇನೆ. ಹಾಗಾಗಿ ನಮ್ಮ ಮನೆಯಲ್ಲಿ ಯಾರನ್ನು ಕರೆಯಬೇಕಾದರೂ ನಾನೇ ಎದ್ದು ಹೋಗಬೇಕು. ಕಸ್ತೂರಿ ಮಾತ್ರ ನನ್ನ ಹೊಟ್ಟೆಗೆ ಬೆರಳಿಟ್ಟು, "ದನಿ ಇಲ್ಲಿಂದ ಬರಬೇಕ್ರಿ, ಗಂಟಲಿಂದಲ್ಲ" ಎಂದು ನನಗೇ ಪಾಠ ಹೇಳುತ್ತಿದ್ದಳು.

ಎರಡನೆಯ ವರ್ಷದ ಕೊನೆಗೆ ಫೈನಲ್ ಲೆಸನ್ ಬಂತು. ಯಾವುದಾದರೂ ಒಂದು ಹೈಸ್ಕೂಲಿಗೆ ಹೋಗಿ, ಹೊರಗಿನಿಂದ ಬಂದ ಪರೀಕ್ಷಕರ ಎದುರು ಒಂದು ಪೀರಿಯಡ್ ನಡೆಸಿ ತೋರಿಸಬೇಕು. ಯಾರಿಗೆ ಯಾವ ಶಾಲೆ ಎಂಬುದನ್ನು ಕಾಲೇಜಿನವರು ಚೀಟಿ ಎತ್ತಿ ಗೊತ್ತುಮಾಡಿದರು. ಕಸ್ತೂರಿಗೆ ಬಂದದ್ದು ಅವಳ ಗಂಡನ ಊರು.

"ಹೋಮ್ ಗ್ರೌಂಡ್!" ಎಂದು ನಾನು ಚಪ್ಪಾಳೆ ತಟ್ಟಿದೆ. ಅವಳು ಮೆಟ್ಟಿಲ ಮೇಲೆ ಕೂತುಬಿಟ್ಟಳು.

ಟ್ರ್ಯಾಕ್ ಸೂಟಿನ ಚಿಂತೆ ಇರಬೇಕು ಎಂದುಕೊಂಡೆ. ಅಲ್ಲವಂತೆ. ಅದನ್ನು ತೊಟ್ಟ ಅವಳ ಫೋಟೋವನ್ನು ಗಂಡ ಮೊಬೈಲಿನಲ್ಲಿ ಊರಿಗೆಲ್ಲ ತೋರಿಸಿ ಆ ಸಂಕೋಚ ಎಂದೋ ತೀರಿಸಿದ್ದನಂತೆ. ಚಿಂತೆ ಬೇರೆಯದು. ಅವಳ ಪಾಠ ಲೇಜೀಮಿನದು. ಗೆಜ್ಜೆ ಕಟ್ಟಿದ ಆ ಕೋಲನ್ನು ಹೇಗೆ ಆಡಿಸಬೇಕೆಂದು ತೋರಿಸಲು ಪ್ರತಿ ಸಾಲಿನ ಲೀಡರನ್ನು ಹೆಸರು ಹಿಡಿದು ಮುಂದೆ ಕರೆಯಬೇಕು. ಮೈದಾನದಲ್ಲಿ ಮಗುವನ್ನು 'ಏ ನೀ' ಎಂದು ಕರೆದರೆ ಅಂಕ ಹೋಗುತ್ತದೆ.

"ಕರಿ. ಅದರಾಗೇನೈತಿ?"

"ಲೀಡರ್ ಹುಡುಗನ ಹೆಸರು ನಮ್ಮ ಮಾವನ ಹೆಸರ್ರಿ ಆಂಟಿ."

ನನಗೆ ಅರ್ಥವಾಯಿತು, ಅರ್ಥವಾದದ್ದಕ್ಕೇ ನಗು ಬಂತು. ಆ ಊರಿನ ದೇವರು ಸಿದ್ಧೇಶ್ವರ. ಹುಟ್ಟಿದ ಗಂಡು ಮಕ್ಕಳಲ್ಲಿ ಅರ್ಧಕ್ಕರ್ಧ ಅದೇ ಹೆಸರು, ಮಾವನವರೂ ಸಿದ್ದಪ್ಪ. ಮನೆಗೆ ಬಂದಂದಿನಿಂದ ಅವಳ ಬಾಯಿಂದ ಆ ಹೆಸರು ಬಂದಿಲ್ಲ. ಅತ್ತೆಯ ಬಾಯಿಂದಂತೂ ಜನ್ಮದಲ್ಲೇ ಬಂದಿಲ್ಲ. ದೇವಸ್ಥಾನಕ್ಕೆ ಹೋಗಬೇಕಾದರೂ ಅವರು, "ಗುಡ್ಡದ ಅಪ್ಪನ ಕಡೆ ಹೋಗಿ ಬರ್ತೇನಿ" ಎನ್ನುತ್ತಿದ್ದರಂತೆ.

"ಬ್ಯಾರೆ ಲೀಡರ್ ಮಾಡು" ಎಂದೆ.

"ನಾಕು ಸಾಲಿನಾಗ ಇಬ್ರು ಅದ ಹೆಸರಿನವ್ರು. ಉಳಿದಿಬ್ರು ನಮ್ಮ ಸಣ್ಣ ಮಾವಂದಿರ ಹೆಸರಿನವ್ರು."

"ಸಿಡ್ ಅಂತ ಕರಿ. ಸ್ಟೈಲಾಗಿರ್ತದ."

"ಇಂಗ್ಲೀಷಿನ್ಯಾಗ ಕರದ್ರ ಮಾವ ಮಾವ ಅಲ್ಲೇನ್ರಿ?"

"ಹಂಗಾರ ಒಡಪ ಹಾಕಿ ಹೇಳು."

ಮದುವೆಯಲ್ಲಿ ನಾಲ್ಕು ಜನ ಅಡ್ಡಗಟ್ಟಿ ನಿಂತಾಗ ಮದುಮಗಳು ಪ್ರಾಸ ಕಟ್ಟಿ ಅದರ ಬಾಲಕ್ಕೆ ಗಂಡನ ಹೆಸರನ್ನು ಸೇರಿಸಿ ಹೇಳುತ್ತಾಳಲ್ಲ, ಅದೇ ಒಡಪು. ಕಸ್ತೂರಿ ನನ್ನತ್ತ ಕನಿಕರದಿಂದ ನೋಡಿದಳು.

"ಗಂಡಗ ಒಡಪ ಐತ್ರಿ. ಮಾವಗ ಎಲ್ಲೈತ್ರಿ?"

ನಕ್ಕದ್ದೇನೋ ನಕ್ಕೆ. ಆದರೆ ಆ ದಿನ ಹಾಸಿಗೆಯ ಮೇಲೆ ಅಡ್ಡಾದಾಗ ಯೋಚನೆ ಬಂತು, ನಾನಾದರೂ ಏನು ಕಡಿದು ಗುಡ್ಡೆ ಹಾಕಿದ್ದೇನೆ? ಇಂಗ್ಲೆಂಡಿನ ರಾಜರ ಹೆಸರುಗಳನ್ನು ಒಂದೇ ಉಸಿರಿನಲ್ಲಿ ಹೇಳಿ ಬಹುಮಾನ ತೆಗೆದುಕೊಂಡವಳು ನಾನು. ಗಂಡನ ಹೆಸರನ್ನು ಹೇಳಿದ್ದು ಮದುವೆಯ ದಿನ, ಒಡಪಿನ ಬಾಲಕ್ಕೆ, ಅದೂ ನುಂಗಿ ನುಂಗಿ. ಆಮೇಲೆ 'ನೋಡ್ರಿ', 'ಕೇಳಿಸ್ತೇನ್ರಿ', ಮಂದಿಯ ಮುಂದೆ 'ವಕೀಲರು', ಬ್ಯಾಂಕಿನಲ್ಲಿ 'ಮೈ ಹಸ್ಬೆಂಡ್'. ಕಸ್ತೂರಿಯದು ಸಂಪ್ರದಾಯವೆಂದೂ ನನ್ನದು ಮ್ಯಾನರ್ಸ್ ಎಂದೂ ನಾನು ನಂಬಿಕೊಂಡಿದ್ದೆ. ಹೌ ಸಿಲ್ಲಿ.

ಲೆಸನ್ನಿನ ದಿನ ನಾನೂ ಹೋದೆ. ಮುಧೋಳದ ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ತೆವಳಿ ತೆವಳಿ ನಮ್ಮ ಕಾರು ಮುಟ್ಟುವ ಹೊತ್ತಿಗೆ ಮಕ್ಕಳು ಸಾಲು ನಿಂತಿದ್ದರು. ಅರ್ಧ ಊರು ಶಾಲೆಯ ಕಂಪೌಂಡಿನ ಮೇಲಿತ್ತು. ಬೇವಿನ ಗಿಡದ ಕೆಳಗೆ ಕಟ್ಟೆಯ ಮೇಲೆ ಹಿರಿಯರು. ನಡುವೆ ತಲೆಗೆ ಬಿಳಿ ಪಟಗ ಸುತ್ತಿದ ಕಸ್ತೂರಿಯ ಮಾವನವರು. ಗೇಟಿನ ಹತ್ತಿರ ಅತ್ತೆ, ತಪ್ಪಿಸಿಕೊಂಡ ಎಮ್ಮೆ ಹುಡುಕಲು ಬಂದವರ ಹಾಗೆ, ಆ ಕಡೆ ಈ ಕಡೆ ನೋಡುತ್ತ.

ಕಸ್ತೂರಿ ಸೀಟಿ ಊದಿದಳು. ಓಟ, ಮೈ ಬಿಸಿ ಮಾಡುವ ವ್ಯಾಯಾಮ, ಎಲ್ಲ ಚೆನ್ನಾಗಿ ನಡೆಯಿತು. ಬನಹಟ್ಟಿಯ ದನಿ ಮೈದಾನದ ಆ ತುದಿ ಮುಟ್ಟಿ ತಿರುಗಿ ಬರುತ್ತಿತ್ತು. ಕಂಪೌಂಡಿನ ಮೇಲಿನ ಒಬ್ಬ, "ಏನಲೇ, ಸಿದ್ದಪ್ಪಕಾಕಾನ ಸೊಸಿಗೆ ದನಿ ಐತಿ!" ಎಂದ. ಲೇಜೀಮುಗಳನ್ನು ಹಂಚಿದ್ದಾಯಿತು. ಲೀಡರನ್ನು ಕರೆಯುವ ಹೊತ್ತು ಬಂತು. ಅಲ್ಲಿಗೆ ದನಿ ನಿಂತಿತು.

ನಾನು ಎಂದೂ ಮರೆಯಲಾರದ ಮಾತೊಂದಿದೆ: ಆ ಮೌನ ಯಾಕೆಂದು ಅಲ್ಲಿದ್ದ ಪ್ರತಿ ಮಗುವಿಗೂ ತಿಳಿದಿತ್ತು. ಹುಡುಗಿಯರು ಒಬ್ಬರನ್ನೊಬ್ಬರು ತಿವಿದರು. ತಿಳಿಯದಿದ್ದದ್ದು ದೂರದ ಊರಿನಿಂದ ಬಂದ ಪರೀಕ್ಷಕರಿಗೆ ಮಾತ್ರ.

"ಯಾಕ್ರೀ, ಲೀಡರ್ ಹೆಸರು ಗೊತ್ತಿಲ್ವೇನು?" ಎಂದು ಪೆನ್ನಿನ ಮುಚ್ಚಳ ತೆಗೆದರು.

ಮೊದಲ ಸಾಲಿನ ತುದಿಯಲ್ಲಿದ್ದ ಹುಡುಗನಿಗೆ ಪಾಪ ಅನ್ನಿಸಿರಬೇಕು. ತಾನೇ ಎರಡು ಹೆಜ್ಜೆ ಮುಂದೆ ಬಂದ. ಹಾಗೇ ಬರಲು ಬಿಟ್ಟಿದ್ದರೆ ಮುಗಿದು ಹೋಗುತ್ತಿತ್ತು. ನಾನಂತೂ ಮನಸ್ಸಿನಲ್ಲೇ ಅವನಿಗೆ ಥ್ಯಾಂಕ್ಯೂ ಹೇಳಿಬಿಟ್ಟಿದ್ದೆ.

"ನಿಂದ್ರು!" ಎಂದಳು ಕಸ್ತೂರಿ. "ಕರದಾಗ ಬರಬೇಕು. ಹೋಗು, ನಿನ್ನ ಜಾಗಾಕ್ಕ ಹೋಗು."

ಹುಡುಗ ಹಿಂದೆ ಸರಿದ. ಅವಳು ಸೊಂಟದ ಮೇಲೆ ಕೈ ಇಟ್ಟು ಉಸಿರು ತುಂಬಿಕೊಂಡಳು. ಹೊಟ್ಟೆ ಏರಿದ್ದು ನನಗೆ ದೂರದಿಂದಲೇ ಕಂಡಿತು. ಆಗ ಬೇವಿನ ಗಿಡದ ಕೆಳಗಿಂದ ಮಾವನವರ ದನಿ ಬಂತು.

"ಕರಿಯವಾ, ಕರಿ! ನಾ ಏನ್ ಓ ಅನ್ನಾಂವಲ್ಲ!"

ಕಟ್ಟೆಯೆಲ್ಲ ಗೊಳ್ಳೆಂದು ನಕ್ಕಿತು. ಆ ನಗೆ ಇಳಿಯುವ ಮೊದಲೇ ಅದರ ಮೇಲೆ ಹಾಯ್ದು ಬಂತು ಕಸ್ತೂರಿಯ ಕೂಗು: "ಸಿದ್ದಪ್ಪಾ! ಮುಂದ ಬಾ!"

ಇಬ್ಬರು ಹುಡುಗರು ಒಟ್ಟಿಗೇ ಮುಂದೆ ಬಂದರು. ಮೂರನೆಯವರು ಕಟ್ಟೆಯ ಮೇಲೆ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ಕೂತಿದ್ದರು.

ಗೇಟಿನ ಕಡೆ ತಿರುಗಿ ನೋಡಿದೆ. ಅತ್ತೆ ಇರಲಿಲ್ಲ.

ಅವರು ಆ ದಿನ ಸಂಜೆತನಕ ಸೊಸೆಯ ಜೊತೆ ಮಾತಾಡಲಿಲ್ಲವಂತೆ. ಇದನ್ನು ಕಸ್ತೂರಿಯೇ ಸೋಮವಾರ ಬಂದು ಹೇಳಿದಳು. ಸಂಜೆ ಅತ್ತೆ ರೊಟ್ಟಿ ಬಡಿಯುತ್ತಿದ್ದರು, ಇವಳು ಬೇಯಿಸುತ್ತಿದ್ದಳು. ಬಡಿಯುವ ಸದ್ದು ನಿಂತಿತಂತೆ.

"ಏ, ಅಂದಾಗ ಹೆಂಗಾತು?"

"ಏನ್ರಿ ಅತ್ತಿ?"

"ಅದ. ಹೆಸರ."

"ಏನೂ ಆಗಲಿಲ್ರಿ. ಹುಡುಗ ಬಂದ."

ಅತ್ತೆ ಕೈಯಲ್ಲಿದ್ದ ಹಿಟ್ಟಿನ ಮುದ್ದೆಯನ್ನು ಇನ್ನೊಮ್ಮೆ ನಾದಿದರಂತೆ.

"ಅಷ್ಟನ?"

"ಅಷ್ಟರಿ."

ಆಮೇಲೆ ಮತ್ತೆ ರೊಟ್ಟಿ ಬಡಿಯುವ ಸದ್ದು, ಎಂದಿಗಿಂತ ತುಸು ಜೋರಾಗಿ.

ಕಸ್ತೂರಿ ಪಾಸಾದಳು. ಈಗ ಬೀಳಗಿ ಕಡೆಯ ಒಂದು ಹೈಸ್ಕೂಲಿನಲ್ಲಿ ಆಟದ ಟೀಚರು. ಎಮ್ಮೆಗಳನ್ನು ಅತ್ತೆಯೇ ನೋಡಿಕೊಳ್ಳುತ್ತಾರೆ. ಮಾವನವರ ಹೆಸರನ್ನು ಮನೆಯಲ್ಲಿ ಈಗಲೂ ಇಬ್ಬರೂ ಹೇಳುವುದಿಲ್ಲವಂತೆ. ಬೇಕಾಗಿಲ್ಲವಲ್ಲ, ಮನೆಯಲ್ಲಿ ಲೇಜೀಮೇನೂ ಇಲ್ಲವಲ್ಲ.

ಇಷ್ಟು ನೆನೆಯುವಷ್ಟರಲ್ಲಿ ನನ್ನ ಚಹಾ ಆರಿತ್ತು. ಕಿಟಕಿಯಿಂದ ನೋಡುತ್ತೇನೆ, ನಮ್ಮವರು ಬೆಳಗಿನ ವಾಕಿಂಗಿಗೆ ಹೊರಟವರು ಮೈದಾನಕ್ಕೆ ಇಳಿದು ಈಗಷ್ಟೇ ಎಳೆದ ಗೆರೆಗಳ ಕಡೆಗೇ ನೇರವಾಗಿ ನಡೆದಿದ್ದಾರೆ. ಕಿವಿ ಮಂದ, ಕಿವಿಯ ಮಷೀನು ಟೇಬಲ್ಲಿನ ಮೇಲಿದೆ. ಸುಣ್ಣ ಹಾಕುವವರು "ಅಜ್ಜಾರ, ಅಜ್ಜಾರ" ಎನ್ನುತ್ತಿದ್ದಾರೆ. ನಾನು "ನೋಡ್ರಿ!" ಎಂದು ಕೂಗಿದೆ. ಮೈದಾನದಲ್ಲಿದ್ದ ಗಂಡಸರೆಲ್ಲ ನನ್ನತ್ತ ನೋಡಿದರು, ನಮ್ಮವರೊಬ್ಬರನ್ನು ಬಿಟ್ಟು.

ಕಿಟಕಿಯ ಸರಳು ಹಿಡಿದು ಹೊಟ್ಟೆಯಿಂದ ಉಸಿರು ತೆಗೆದೆ, ಹೆಸರು ಹಿಡಿದು ಕರೆದೆ. ಅದನ್ನು ಇಲ್ಲಿ ಬರೆಯಲು ನನಗೆ ಇನ್ನೂ ಸ್ವಲ್ಪ ಅಭ್ಯಾಸ ಬೇಕು. ಆದರೆ ಓಣಿಗೆಲ್ಲ ಕೇಳಿತು.

ಅವರು ಗೆರೆಯ ಈಚೆಗೇ ನಿಂತರು. ಯಾರು ಕರೆದರೆಂದು ಗೊತ್ತಾಗದೆ ಒಬ್ಬೊಬ್ಬ ಗಂಡಸಿನ ಮುಖವನ್ನೇ ನೋಡುತ್ತ ನಿಧಾನಕ್ಕೆ ಒಂದು ಸುತ್ತು ತಿರುಗಿದರು. ಕಿಟಕಿಯ ಕಡೆ ಮಾತ್ರ ನೋಡಲಿಲ್ಲ. ನಾನು ಇನ್ನೊಮ್ಮೆ ಉಸಿರು ತುಂಬಿಕೊಂಡೆ.